ಹೋಮ್ ಸಾಕಾ, ಪ್ರೋ ಬೇಕಾ? ಸಣ್ಣ ಆಫೀಸಿಗೆ ವಿಂಡೋಸ್ ಆರಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲ್ಯಾಪ್‌ಟಾಪ್ ತೆಗೆದುಕೊಳ್ಳಲು ಹೋದರೆ, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಬ್ಯಾಗ್ ಕೊಡ್ತೀರಾ ಎಂಬ ಮಾತೆಲ್ಲ ಮುಗಿದ ಮೇಲೆ ಅಂಗಡಿಯವರು ಒಂದು ಪ್ರಶ್ನೆ ಕೇಳುತ್ತಾರೆ. "ಹೋಮ್ ಇರೋದೇ ಕೊಡ್ಲಾ ಸಾರ್, ಪ್ರೋ ಹಾಕಿಸ್ತೀರಾ?" ಹೋಮ್, ಪ್ರೋ ಎರಡೂ ವಿಂಡೋಸಿನ ಬೇರೆ ಬೇರೆ ಎಡಿಶನ್. ಇಲ್ಲೇ ತುಂಬಾ ಜನ ತಡವರಿಸುತ್ತಾರೆ. ಕೆಲವರು ಪ್ರೋ ಅಂದರೆ ಸ್ಪೀಡ್ ಜಾಸ್ತಿ ಎಂದುಕೊಂಡು ಹೂಂ ಅನ್ನುತ್ತಾರೆ. ಇನ್ನು ಕೆಲವರು ದುಡ್ಡು ಉಳಿಯಲಿ ಎಂದು ಬೇಡ ಅನ್ನುತ್ತಾರೆ. ಎರಡೂ ಅಂದಾಜಿನ ಮೇಲೆ ತೆಗೆದುಕೊಂಡ ತೀರ್ಮಾನ.

ನಾನು ಬಸವನಗುಡಿ, ರಾಜಾಜಿನಗರ, ಪೀಣ್ಯದ ಕಡೆಯ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಐದರಿಂದ ಹದಿನೈದು ಜನ ಇರುವ ಜಾಗಗಳು, ಅಲ್ಲಿ ಐಟಿ ವಿಭಾಗ ಅಂತ ಬೇರೆ ಇರುವುದಿಲ್ಲ. ಈ ಬರಹ ಅವರಿಗಾಗಿ.

ಸ್ಪೀಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಲ್ಯಾಪ್‌ಟಾಪಿಗೆ ಹೋಮ್ ಹಾಕಿದರೂ ಪ್ರೋ ಹಾಕಿದರೂ ಎಕ್ಸೆಲ್ ಅಷ್ಟೇ ವೇಗವಾಗಿ ಓಡುತ್ತದೆ, ಟ್ಯಾಲಿಯೂ ಅಷ್ಟೇ. ವೈರಸ್ ತಡೆಯುವ ಡಿಫೆಂಡರ್ ಎರಡರಲ್ಲೂ ಒಂದೇ. ಫೈರ್‌ವಾಲ್, ಬೆರಳಚ್ಚಿನ ಲಾಗಿನ್, ಪ್ರತಿ ತಿಂಗಳ ಸೆಕ್ಯುರಿಟಿ ಅಪ್‌ಡೇಟ್, ಎಲ್ಲವೂ ಎರಡಕ್ಕೂ ಸಿಗುತ್ತವೆ. ಹೋಮ್ ಏನೂ ಬಡಪಾಯಿ ಅಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಮೆಷಿನ್ ಒಬ್ಬರ ಕೈಯಲ್ಲಿದ್ದು ಅದರ ಜವಾಬ್ದಾರಿ ಇನ್ನೊಬ್ಬರದ್ದಾಗಿದ್ದರೆ, ಬೀಗದ ಕೈ ಯಾರ ಹತ್ತಿರ ಇರಬೇಕು? ಮನೆಯ ಲ್ಯಾಪ್‌ಟಾಪಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಆಫೀಸಿನಲ್ಲಿ ದಿನವೂ ಏಳುತ್ತದೆ.

ಮೊದಲು ಈಗ ಏನಿದೆ ನೋಡಿ

ಸೆಟ್ಟಿಂಗ್ಸ್ ತೆಗೆಯಿರಿ, ಸಿಸ್ಟಮ್ ಒಳಗೆ ಹೋಗಿ, ಕೆಳಗೆ ಅಬೌಟ್ ಇರುತ್ತದೆ. ಅಲ್ಲಿ ಎಡಿಶನ್ ಎಂಬ ಸಾಲು ಓದಿ. ನಮ್ಮಲ್ಲಿ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ತುಂಬಾ ಕಡೆ "ಹೋಮ್ ಸಿಂಗಲ್ ಲ್ಯಾಂಗ್ವೇಜ್" ಎಂದಿರುತ್ತದೆ. ಅದೂ ಹೋಮೇ. ಆದರೆ ಮೆನು, ಬಟನ್‌ಗಳ ಭಾಷೆ ಒಂದೇ, ಬದಲಾಯಿಸಲು ಬಿಡುವುದಿಲ್ಲ. ಕನ್ನಡ ಟೈಪ್ ಮಾಡಲು ಇದರಿಂದ ಯಾವ ಅಡ್ಡಿಯೂ ಇಲ್ಲ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಕೀಬೋರ್ಡ್ ಆಯ್ಕೆಯಲ್ಲಿ ಫೋನೆಟಿಕ್ ತೆಗೆದುಕೊಂಡರೆ ಸಾಕು. ಇದು 2019ರಿಂದ ವಿಂಡೋಸಿನ ಒಳಗೇ ಇದೆ. ಟೈಪ್ ಮಾಡುವಾಗ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ.

ಎಡಿಶನ್ ಸಾಲಿನಲ್ಲಿ "ಎಸ್ ಮೋಡ್" ಎಂದು ಸೇರಿದ್ದರೆ, ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಬಿಟ್ಟು ಬೇರೆ ಏನೂ ಹಾಕಲು ಆಗುವುದಿಲ್ಲ. ಅದನ್ನು ತೆಗೆಯಲು ಪ್ರೋ ಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಟೋರಿನಿಂದಲೇ ಪುಕ್ಕಟೆಯಾಗಿ ಹೊರಬರಬಹುದು. ಆದರೆ ಒಮ್ಮೆ ಹೊರಬಂದರೆ ಮತ್ತೆ ಆ ಮೋಡಿಗೆ ಹೋಗಲು ಆಗುವುದಿಲ್ಲ.

ಆಮೇಲೆ ಸಿಸ್ಟಮ್ ಒಳಗೇ ಇರುವ ಆಕ್ಟಿವೇಶನ್ ಪುಟ ನೋಡಿ. "ಡಿಜಿಟಲ್ ಲೈಸೆನ್ಸ್" ಎಂದಿದ್ದರೆ ಸಾಮಾನ್ಯವಾಗಿ ಸರಿ. ನೀವು ಅಂಗಡಿಯಿಂದ ಸ್ವಂತಕ್ಕೆ ಕೊಂಡ ಮೆಷಿನ್ ಆಗಿದ್ದು, ಅಲ್ಲಿ ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವಿಸ್ ಬಳಸಿ ಆಕ್ಟಿವೇಟ್ ಆಗಿದೆ ಎಂಬ ಅರ್ಥದ ಸಾಲು ಕಂಡರೆ, ಯಾರೋ ಕಳ್ಳದಾರಿಯಲ್ಲಿ ಹಾಕಿದ್ದಾರೆ ಎಂದೇ ತಿಳಿಯಿರಿ. ಆ ವಿಧಾನ ದೊಡ್ಡ ಕಂಪನಿಗಳಿಗೆ ಮಾಡಿದ್ದು. ಆಫೀಸಿನ ಸರ್ವರ್ ಜೊತೆ ಮಾತಾಡುತ್ತಾ 180 ದಿನಕ್ಕೊಮ್ಮೆಯಾದರೂ ಅದು ನವೀಕರಣ ಆಗಬೇಕು. ನಿಮ್ಮ ಹತ್ತಿರ ಅಂಥ ಸರ್ವರ್ ಎಲ್ಲಿದೆ?

ಇನ್ನೂ ವಿಂಡೋಸ್ 10 ಇದ್ದರೆ ಹೋಮ್-ಪ್ರೋ ಚಿಂತೆ ಆಮೇಲೆ. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೆಷಿನ್ 11ಕ್ಕೆ ಏರುತ್ತದಾ ಎಂದು ಮೊದಲು ನೋಡಿ, ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು.

ಡಿಸ್ಕಿನ ಬೀಗ: ಎಲ್ಲಕ್ಕಿಂತ ಮೊದಲು ಇದನ್ನು ಸರಿಮಾಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಿಂದ ಜನ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ನಾನು ನೋಡಿಕೊಳ್ಳುವ ಒಂದು ಆಡಿಟರ್ ಆಫೀಸಿನಲ್ಲಿ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯಿತು. ರಿಪೇರಿಗೆ ಕೊಟ್ಟರು, ಹೊಸ ಬೋರ್ಡ್ ಬಂತು. ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಹಾಕಿ ಎಂದು ಕೇಳುತ್ತಿದೆ. "ಪಾಸ್‌ವರ್ಡೇ ನಾವು ಹಾಕಿಲ್ವಲ್ಲ, ಇದೇನು ಕೇಳ್ತಿದೆ?" ಎಂದು ಸಾರ್ ಕೇಳಿದರು. ಅವರು ಹಾಕಿರಲಿಲ್ಲ, ನಿಜ. ಆದರೆ ಆ ಲ್ಯಾಪ್‌ಟಾಪನ್ನು ಮೊದಲ ದಿನ ತೆರೆದದ್ದು ಆಗ ಸಿಎ ತರಬೇತಿಗೆ ಬಂದಿದ್ದ ಒಬ್ಬ ಆರ್ಟಿಕಲ್ ಹುಡುಗಿ. ವಿಂಡೋಸ್ 11 ಹೋಮ್ ಸೆಟಪ್ ಆಗುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳಿತು, ಪಾಪ ಅವಳು ತನ್ನ ಕಾಲೇಜಿನ ಮೇಲ್ ಐಡಿ ಕೊಟ್ಟಳು. ಅಲ್ಲಿಗೆ ಡಿಸ್ಕಿನಲ್ಲಿರುವುದನ್ನೆಲ್ಲ ಕೀ ಇಲ್ಲದೆ ಓದಲಾಗದಂತೆ ಮಾಡುವ ಬೀಗ ತಾನಾಗಿ ಬಿತ್ತು, ಬೀಗದ ಕೈ ಅವಳ ಅಕೌಂಟಿಗೆ ಹೋಗಿ ಕೂತಿತು. ಎರಡು ವರ್ಷ ಕಳೆದು ಅವಳು ಬೇರೆ ಊರಿಗೆ ಹೋಗಿದ್ದಳು, ಕಾಲೇಜಿನ ಮೇಲ್ ಮುಚ್ಚಿತ್ತು, ಲಾಗಿನ್ ಮಾಡಲು ಹೋದರೆ ಕೋಡ್ ಆ ಮುಚ್ಚಿದ ಮೇಲ್‌ಗೇ ಹೋಗುತ್ತಿತ್ತು. ಅವಳದೇನೂ ತಪ್ಪಿಲ್ಲ. ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ಇತ್ತು, ಉಳಿಯಿತು. ಉಳಿದ ವರ್ಕಿಂಗ್ ಪೇಪರ್‌ಗಳೆಲ್ಲ ಹೋದವು.

ಹೋಮ್‌ನಲ್ಲಿ ಈ ಬೀಗಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎಂದು ಹೆಸರು. ಆನ್ ಇಲ್ಲವೇ ಆಫ್, ಅಷ್ಟೇ. ಪ್ರೋದಲ್ಲಿ ಬಿಟ್‌ಲಾಕರ್ ಪೂರ್ತಿಯಾಗಿ ಸಿಗುತ್ತದೆ. ಒಳಗಿನ ತಂತ್ರ ಎರಡಕ್ಕೂ ಒಂದೇ. ಪ್ರೋದಲ್ಲಿ ಕೀಯನ್ನು ಏನು ಮಾಡಬೇಕು ಎಂದು ಅಲ್ಲೇ ಕೇಳಿ, ನಿಮ್ಮ ಕೈಗೆ ಕೊಡುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಹೊಸದಾಗಿ ವಿಂಡೋಸ್ ಹಾಕಿದ ಬಹುತೇಕ ಮೆಷಿನ್‌ಗಳಲ್ಲಿ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗುತ್ತದೆ, ಹಾಗಾಗಿ ನಮ್ಮಲ್ಲಿ ಅದೆಲ್ಲ ಇಲ್ಲ ಎಂದು ಸುಮ್ನೆ ಕೂರಬೇಡಿ.

ಹೋಮ್ ಇದ್ದವರು ಹೀಗೆ ಮಾಡಿ. ಆಫೀಸಿನ ಹೆಸರಲ್ಲಿ ಒಂದು ಮೈಕ್ರೋಸಾಫ್ಟ್ ಅಕೌಂಟ್ ತೆರೆಯಿರಿ. ಅದರ ಫೋನ್ ನಂಬರ್ ಮಾಲೀಕರದ್ದಾಗಿರಲಿ, ಸ್ಟಾಫಿನದ್ದಲ್ಲ. ಹೊಸ ಲ್ಯಾಪ್‌ಟಾಪ್ ಬಂದರೆ ಮೊದಲ ಲಾಗಿನ್ ಇದೇ ಅಕೌಂಟಿನಿಂದ ಆಗಬೇಕು. ಅದಾದ ಮೇಲೆ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಕೆಲಸ ಮಾಡುವವರಿಗೆ ಬೇರೆ ಯೂಸರ್ ಮಾಡಿಕೊಡಿ. ಮೇಲ್ ಐಡಿ ಕೇಳಿದಾಗ, ಇವರ ವಿವರ ನನ್ನ ಬಳಿ ಇಲ್ಲ ಎಂಬ ಸಾಲು ಒತ್ತಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸುವ ದಾರಿ ಸಿಗುತ್ತದೆ. ಅವರು ಸ್ಟ್ಯಾಂಡರ್ಡ್ ಯೂಸರ್ ಆಗಿರಲಿ, ಅಡ್ಮಿನಿಸ್ಟ್ರೇಟರ್ ಮಾಡಬೇಡಿ.

ಈಗಾಗಲೇ ಸ್ಟಾಫಿನ ಅಕೌಂಟಿನಲ್ಲಿ ನಡೆಯುತ್ತಿರುವ ಹೋಮ್ ಲ್ಯಾಪ್‌ಟಾಪ್ ಇದ್ದರೆ ಇವತ್ತೇ ಸರಿಪಡಿಸಿ. ಅವರು ಇನ್ನೂ ಕೆಲಸದಲ್ಲಿ ಇರುವಾಗಲೇ! ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ. ಡಿಸ್ಕ್ ಬಿಚ್ಚಿಕೊಳ್ಳಲು ಸಮಯ ಹಿಡಿಯುತ್ತದೆ, ಚಾರ್ಜರ್ ಹಾಕಿಡಿ. ಮುಗಿದ ಮೇಲೆ ಆಫೀಸಿನ ಅಕೌಂಟನ್ನು ಅಡ್ಮಿನಿಸ್ಟ್ರೇಟರ್ ಆಗಿ ಸೇರಿಸಿ, ಅದರಿಂದ ಲಾಗಿನ್ ಆಗಿ, ಮತ್ತೆ ಆನ್ ಮಾಡಿ. ಹೊಸ ಕೀ ಈಗ ಆಫೀಸಿನ ಅಕೌಂಟಿಗೆ ಹೋಗುತ್ತದೆ. ಹೋಯಿತಾ ಎಂದು ಕಣ್ಣಾರೆ ನೋಡಿ. ಬ್ರೌಸರಿನಲ್ಲಿ ಆ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಒಳಗೆ ಆ ಲ್ಯಾಪ್‌ಟಾಪಿನ ವಿವರ ತೆರೆದರೆ ಬಿಟ್‌ಲಾಕರ್ ಕೀ ಕಾಣುತ್ತದೆ. ಪ್ರಿಂಟ್ ತೆಗೆದು, ಮೇಲೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದು, ಬಾಡಿಗೆ ಕರಾರು ಇಡುವ ಫೈಲಿನಲ್ಲೇ ಇಡಿ.

ಪ್ರೋ ಇದ್ದರೆ ಸ್ಟಾರ್ಟ್‌ನಲ್ಲಿ ಮ್ಯಾನೇಜ್ ಬಿಟ್‌ಲಾಕರ್ ಎಂದು ಹುಡುಕಿ. ಕೀಯನ್ನು ಪ್ರಿಂಟ್ ಮಾಡುವ, ಫೈಲಾಗಿ ಬೇರೆ ಡ್ರೈವಿಗೆ ಉಳಿಸುವ ದಾರಿ ಅಲ್ಲೇ ಇದೆ. ಸರ್ವಿಸಿಗೆ ಕೊಡುವ ಮುಂಚೆ, ಬಯಾಸ್ (ಮೆಷಿನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವ ಮುಂಚೆ ಸಸ್ಪೆಂಡ್ ಪ್ರೊಟೆಕ್ಷನ್ ಒತ್ತಿದರೆ ಆ ನೀಲಿ ಪರದೆಯ ಕಾಟ ತಪ್ಪುತ್ತದೆ. ಪೆನ್‌ಡ್ರೈವಿಗೂ ಪ್ರೋದಲ್ಲಿ ಬೀಗ ಹಾಕಬಹುದು. ಗ್ರಾಹಕರ ಲೆಕ್ಕಪತ್ರ ಜೇಬಿನಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಓಡಾಡುವವರಿಗೆ ಇದು ದೊಡ್ಡ ನೆಮ್ಮದಿ. ಬೀಗ ಹಾಕಲು ಪ್ರೋ ಬೇಕು, ತೆಗೆಯಲು ಪಾಸ್‌ವರ್ಡ್ ಇದ್ದರೆ ಹೋಮ್ ಸಾಕು.

ಮನೆಯಿಂದ ಆಫೀಸಿನ ಕಂಪ್ಯೂಟರ್ ತೆರೆಯಬೇಕಾ?

ಸಿಲ್ಕ್ ಬೋರ್ಡ್ ದಾಟಿ ದಿನವೂ ಓಡಾಡುವವರಿಗೆ ಇದರ ಬೆಲೆ ಗೊತ್ತು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಪ್ರೋದಲ್ಲಿ ಮಾತ್ರ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ನಿಜ. ಯಾವ ಕಂಪ್ಯೂಟರಿನ ಒಳಗೆ ಹೋಗಬೇಕೋ ಅದು ಪ್ರೋ ಆಗಿರಬೇಕು. ನೀವು ಕೂತಿರುವ ಕಡೆಯದು ಹೋಮ್ ಇದ್ದರೆ ಏನೂ ತೊಂದರೆ ಇಲ್ಲ. ಅಂದರೆ ಎರಡು ಪ್ರೋ ಕೊಳ್ಳಬೇಕಿಲ್ಲ, ಆಫೀಸಿನ ಆ ಒಂದು ಡೆಸ್ಕ್‌ಟಾಪಿಗೆ ಸಾಕು.

ಅದರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಯೂಸರಿಗೆ ಪಾಸ್‌ವರ್ಡ್ ಇರಲೇಬೇಕು, ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಸ್ಲೀಪ್ ಆಫ್ ಮಾಡಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಹೆಚ್ಚಿನ ಡೆಸ್ಕ್‌ಟಾಪುಗಳ ಬಯಾಸಿನಲ್ಲಿ ಇರುತ್ತದೆ, ಅದನ್ನೂ ಹಾಕಿ. ಇಲ್ಲದಿದ್ದರೆ ಭಾನುವಾರ ಬೆಳಗ್ಗೆ ಬೆಸ್ಕಾಂ ಲೈನ್ ಕೆಲಸಕ್ಕೆ ಕರೆಂಟ್ ತೆಗೆದರೆ ನಿಮ್ಮ ಕೆಲಸವೂ ಅಲ್ಲೇ ನಿಲ್ಲುತ್ತದೆ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ರೌಟರಿನಲ್ಲಿ 3389 ಪೋರ್ಟ್ ತೆರೆದು ನೇರವಾಗಿ ಇಂಟರ್ನೆಟ್ಟಿಗೆ ಬಿಡಬೇಡಿ. ಆ ನಂಬರನ್ನು ಹುಡುಕಿಕೊಂಡೇ ದಿನವಿಡೀ ಪಾಸ್‌ವರ್ಡ್ ಪ್ರಯತ್ನಿಸುವ ಪ್ರೋಗ್ರಾಂಗಳಿವೆ, ಫೈಲುಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳುವವರು ಒಳಗೆ ನುಗ್ಗುವ ದೊಡ್ಡ ಬಾಗಿಲು ಇದೇ. ಟೇಲ್‌ಸ್ಕೇಲ್ ತರಹದ ವಿಪಿಎನ್ (ನಿಮ್ಮ ಮೆಷಿನ್‌ಗಳ ನಡುವಿನ ಖಾಸಗಿ ದಾರಿ) ಹಾಕಿಕೊಂಡು ಅದರ ಮೂಲಕ ಬನ್ನಿ.

ನಾಲ್ಕು ಜನ ಒಟ್ಟಿಗೆ ಒಂದೇ ಕಂಪ್ಯೂಟರಿಗೆ ಬಂದು ಟ್ಯಾಲಿ ನಡೆಸಬೇಕು ಅಂದರೆ ಪ್ರೋ ಕೂಡ ಸಾಲದು. ಒಂದು ಸಲಕ್ಕೆ ಒಬ್ಬರೇ. ವಿಂಡೋಸಿನ ಫೈಲ್ ಬದಲಾಯಿಸಿ ಎಲ್ಲರಿಗೂ ಬಿಡುವ ಜಾಣತನ ಮಾಡಿಕೊಡುವವರು ಇದ್ದಾರೆ. ಅದು ಲೈಸೆನ್ಸಿಗೆ ವಿರುದ್ಧ, ಒಂದು ಅಪ್‌ಡೇಟ್ ಬಂದರೆ ಕೆಟ್ಟು ನಿಲ್ಲುತ್ತದೆ ಬೇರೆ. ಅದಕ್ಕೆ ವಿಂಡೋಸ್ ಸರ್ವರ್ ಮತ್ತು ಪ್ರತಿಯೊಬ್ಬರಿಗೂ ಅದರ ರಿಮೋಟ್ ಲೈಸೆನ್ಸ್ ಬೇಕು.

ಯಾವಾಗಲೋ ಒಮ್ಮೆ ಅಮ್ಮನ ಲ್ಯಾಪ್‌ಟಾಪ್ ಸರಿಮಾಡಿ ಕೊಡುವಷ್ಟೇ ಕೆಲಸವಿದ್ದರೆ ಹೋಮ್‌ನಲ್ಲೇ ಇನ್ನೊಬ್ಬರ ಪರದೆ ದೂರದಿಂದ ನೋಡಿ ಸಹಾಯ ಮಾಡುವ ಕ್ವಿಕ್ ಅಸಿಸ್ಟ್ ಇದೆ, ಸಾಕು.

ಅಪ್‌ಡೇಟ್ ಯಾವಾಗ ಬರಬೇಕು ಎಂದು ಯಾರು ಹೇಳಬೇಕು?

ಮೈಕ್ರೋಸಾಫ್ಟ್ ಸೆಕ್ಯುರಿಟಿ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ಅವತ್ತು ರಾತ್ರಿ. ಎರಡನೇ ಮಂಗಳವಾರ 8ರಿಂದ 14ನೇ ತಾರೀಕಿನ ಒಳಗೇ ಬರುತ್ತದೆ. ಜಿಎಸ್‌ಟಿಆರ್-1ರ (ತಿಂಗಳ ಮಾರಾಟದ ವಿವರದ ರಿಟರ್ನ್) ಕೊನೆ ದಿನ 11. ಆಡಿಟರ್ ಆಫೀಸಿನಲ್ಲಿ ಕೂತವರಿಗೆ ಈಗಲೇ ಅರ್ಥವಾಗಿರುತ್ತದೆ ಅಲ್ವಾ?

ಹೋಮ್‌ನಲ್ಲಿ ಅಪ್‌ಡೇಟನ್ನು 5 ವಾರದವರೆಗೆ ನಿಲ್ಲಿಸಿಡಬಹುದು. ಆದರೆ ಪ್ರತಿ ತಿಂಗಳೂ ನೆನಪಿಟ್ಟು ಕೈಯಾರೆ ಮಾಡಬೇಕು, ಅವಧಿ ಮುಗಿದಾಗ ಬಾಕಿ ಇರುವುದನ್ನು ಹಾಕಿಸಿಕೊಂಡ ಮೇಲೆಯೇ ಮತ್ತೆ ನಿಲ್ಲಿಸಲು ಬಿಡುತ್ತದೆ. ಹತ್ತು ಮೆಷಿನ್ ಇದ್ದರೆ ಇದು ಆಗದ ಮಾತು.

ಪ್ರೋದಲ್ಲಿ ಇಂಥ ನಿಯಮಗಳನ್ನು ಒಮ್ಮೆ ಬರೆದಿಡುವ ಗ್ರೂಪ್ ಪಾಲಿಸಿ ಎಡಿಟರ್ ಇದೆ. ಸ್ಟಾರ್ಟ್‌ನಲ್ಲಿ ಎಡಿಟ್ ಗ್ರೂಪ್ ಪಾಲಿಸಿ ಎಂದು ಹುಡುಕಿ ತೆರೆಯಿರಿ. ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಅಪ್‌ಡೇಟ್ ಹೀಗೆ ಒಳಗೆ ಇಳಿಯುತ್ತಾ ಹೋದರೆ ಎರಡು ಆಯ್ಕೆ ಕಾಣುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಫೀಚರ್ ಅಪ್‌ಡೇಟನ್ನು 365 ದಿನದವರೆಗೆ ಮುಂದೂಡಬಹುದು, ತಿಂಗಳ ಕ್ವಾಲಿಟಿ ಅಪ್‌ಡೇಟನ್ನು 30 ದಿನದವರೆಗೆ.

ಎಷ್ಟು ದಿನ ಹಾಕಬೇಕು? ಮೊದಲು ನಾನು 10 ಹಾಕುತ್ತಿದ್ದೆ. ಲೆಕ್ಕ ಹಾಕಿ ನೋಡಿದರೆ ಅದು 18ರಿಂದ 24ರ ನಡುವೆ ಬರುತ್ತದೆ, ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಸಲ್ಲಿಸುವ 20ನೇ ತಾರೀಕು ಸರಿಯಾಗಿ ಮಧ್ಯದಲ್ಲಿ! ಈಗ 14 ಹಾಕುತ್ತೇನೆ. 22ರಿಂದ 28ರ ಒಳಗೆ ಬಂದು ಹೋಗುತ್ತದೆ. ಅದಕ್ಕಿಂತ ಜಾಸ್ತಿ ಮುಂದೂಡುವುದು ನನಗೆ ಇಷ್ಟವಿಲ್ಲ, ತೂತು ಎಲ್ಲಿದೆ ಎಂದು ಜಗತ್ತಿಗೆ ಗೊತ್ತಾದ ಮೇಲೂ ಮುಚ್ಚದೆ ಕೂತ ಹಾಗೆ ಆಗುತ್ತದೆ. ಡಿಫೆಂಡರಿನ ವೈರಸ್ ಪಟ್ಟಿ ಈ ಮುಂದೂಡಿಕೆಗೆ ಸಿಗುವುದಿಲ್ಲ, ಅದು ಎಂದಿನಂತೆ ಬರುತ್ತಲೇ ಇರುತ್ತದೆ.

ಉಳಿದ ವ್ಯತ್ಯಾಸಗಳು

ಹೋಮ್‌ಗೆ ಗರಿಷ್ಠ 128 ಜಿಬಿ ರ‍್ಯಾಮ್, ಪ್ರೋಗೆ 2 ಟಿಬಿ. ಸಣ್ಣ ಆಫೀಸಿಗೆ ಇದು ವಿಷಯವೇ ಅಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಹೈಪರ್-ವಿ ಪ್ರೋದಲ್ಲಿ ಮಾತ್ರ, ಆದರೆ ಅದೇ ಕೆಲಸ ಮಾಡುವ ವರ್ಚುವಲ್‌ಬಾಕ್ಸ್ ಹೋಮ್‌ನಲ್ಲೂ ನಡೆಯುತ್ತದೆ. ಲಿನಕ್ಸ್ ಕಲಿಯುವ ಎಂಜಿನಿಯರಿಂಗ್ ಮಕ್ಕಳಿಗೆ, ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಕೂಡ ಹೋಮ್‌ನಲ್ಲೇ ಸಿಗುತ್ತದೆ, ಅದಕ್ಕೆಂದು ಪ್ರೋ ಕೊಡಿಸಬೇಡಿ. ಪ್ರೋದ ಸ್ಯಾಂಡ್‌ಬಾಕ್ಸ್ ಮಾತ್ರ ನನಗೆ ಇಷ್ಟ. ಅನುಮಾನ ಬಂದ ಮೇಲ್ ಅಟ್ಯಾಚ್‌ಮೆಂಟನ್ನು ಅದರೊಳಗೆ ತೆರೆದು ನೋಡಿ ಮುಚ್ಚಿದರೆ ಎಲ್ಲ ಅಳಿಸಿ ಹೋಗುತ್ತದೆ.

ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ಆಳುವ ಡೊಮೇನ್ ವ್ಯವಸ್ಥೆಗೆ ಹೋಮ್ ಸೇರುವುದೇ ಇಲ್ಲ. ಮೆಷಿನ್‌ಗಳು ಹದಿನೈದು ದಾಟಿದರೆ, ಮುಂದೆ ಎಂದಾದರೂ ಇದು ಬೇಕಾಗುತ್ತದೆ ಎಂದು ಈಗಲೇ ಪ್ರೋ ತೆಗೆದುಕೊಳ್ಳುವುದು ಒಳ್ಳೆಯದು.

ಎಂಟರ್‌ಪ್ರೈಸ್ ಎಂಬ ಎಡಿಶನ್ ಹೊರವರ್ತುಲ ರಸ್ತೆಯ ದೊಡ್ಡ ಕಂಪನಿಗಳ ಮಾತು. ಪ್ರತಿ ಆವೃತ್ತಿಗೆ ಹೋಮ್, ಪ್ರೋಗೆ 24 ತಿಂಗಳು ಅಪ್‌ಡೇಟ್ ಸಿಕ್ಕರೆ ಅದಕ್ಕೆ 36 ತಿಂಗಳು. ಆದರೆ ಅದರ ವಾಲ್ಯೂಮ್ ಲೈಸೆನ್ಸ್ (ಕಂಪನಿಗಳಿಗೆ ಒಟ್ಟಿಗೆ ಕೊಡುವ ಲೈಸೆನ್ಸ್) ಕೊಂಡರೂ ಕೆಳಗೆ ಪ್ರೋ ಇರಲೇಬೇಕು, ಹೋಮ್ ಮೇಲೆ ಅದು ಕೂರುವುದಿಲ್ಲ.

ಕೊಳ್ಳುವಾಗ

ನಾಲ್ಕೈದು ನೂರು ರೂಪಾಯಿಗೆ ಪ್ರೋ ಲೈಸೆನ್ಸ್ ಕೀ ಸಿಗುತ್ತದೆ ಎಂದು ಎಲ್ಲ ಕಡೆ ಕಾಣುತ್ತದೆ. ಹೋಮ್‌ನಿಂದ ಪ್ರೋಗೆ ಏರಲು ಮೈಕ್ರೋಸಾಫ್ಟ್ ಅಮೆರಿಕದಲ್ಲಿ 99 ಡಾಲರ್ ತೆಗೆದುಕೊಳ್ಳುತ್ತದೆ. ಹಾಗಿರುವಾಗ ಐನೂರಕ್ಕೆ ಹೇಗೆ ಬರುತ್ತದೆ? ಯಾವುದೋ ಕಂಪನಿಯ ವಾಲ್ಯೂಮ್ ಕೀಯನ್ನೋ, ಹಳೇ ಮೆಷಿನ್‌ಗೆ ಕಟ್ಟಿದ್ದ ಕೀಯನ್ನೋ ಬಿಡಿಬಿಡಿಯಾಗಿ ಮಾರುತ್ತಾರೆ. ಇವತ್ತು ಆಕ್ಟಿವೇಟ್ ಆಗುತ್ತದೆ, ಆ ಕೀ ನಿಷೇಧವಾದ ದಿನ ಹೋಗುತ್ತದೆ. ಆಫೀಸಿಗೆ ಇದನ್ನು ಹಾಕಿಸಬೇಡಿ, ಬಿಲ್ ಇಲ್ಲದ ಲೈಸೆನ್ಸ್ ಲೈಸೆನ್ಸೇ ಅಲ್ಲ.

ದುಡ್ಡು ಉಳಿಸುವ ಒಳ್ಳೆಯ ದಾರಿ ಬೇರೆ ಇದೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ರಿಫರ್ಬಿಶ್ ಆಗಿ ಬರುತ್ತವೆ, ಬಹುತೇಕ ಅವುಗಳ ಬಯಾಸಿನಲ್ಲೇ ಪ್ರೋ ಲೈಸೆನ್ಸ್ ಕೂತಿರುತ್ತದೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡಿ ಸೆಟಪ್ ಪರದೆ ನೋಡಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳಿದರೆ, ಆ ಮೆಷಿನ್ ಇನ್ನೂ ಹಳೇ ಮಾಲೀಕರ ಆಟೋಪೈಲಟ್ ಪಟ್ಟಿಯಲ್ಲಿ (ಕಂಪನಿಯ ಮೆಷಿನ್ ಎಂದು ಮೈಕ್ರೋಸಾಫ್ಟ್ ಬಳಿ ಇರುವ ದಾಖಲೆ) ಇದೆ ಎಂದರ್ಥ. ಅದನ್ನು ಬಿಡಿಸಲು ಅವರಿಂದ ಅಥವಾ ಮೈಕ್ರೋಸಾಫ್ಟಿನಿಂದ ಮಾತ್ರ ಸಾಧ್ಯ. ಅಂಗಡಿಯವರು "ಆಮೇಲೆ ಸರಿಮಾಡ್ಕೊಡ್ತೀವಿ" ಅಂದರೂ ಬಿಟ್ಟು ಬನ್ನಿ.

ಹೋಮ್‌ನಿಂದ ಪ್ರೋಗೆ ಏರುವುದು

ಫಾರ್ಮ್ಯಾಟ್ ಮಾಡಬೇಕು ಎಂದು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಫೈಲು, ಸಾಫ್ಟ್‌ವೇರ್ ಎಲ್ಲ ಇದ್ದ ಹಾಗೇ ಇರುತ್ತದೆ. ಆದರೂ ಬ್ಯಾಕಪ್ ತೆಗೆದುಕೊಳ್ಳಿ, ಚಾರ್ಜರ್ ಹಾಕಿ. ಮೊದಲು ಹೋಮ್ ಸರಿಯಾಗಿ ಆಕ್ಟಿವ್ ಆಗಿರಬೇಕು. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್, ಅಪ್‌ಗ್ರೇಡ್ ಯುವರ್ ಎಡಿಶನ್. ಸ್ಟೋರಿನಿಂದ ಕೊಳ್ಳುವುದಾದರೆ ಆಫೀಸಿನ ಅಕೌಂಟಿನಿಂದಲೇ ಕೊಳ್ಳಿ. ಯಾಕೆ ಎಂದು ಆ ಆಡಿಟರ್ ಆಫೀಸಿನ ಕಥೆ ಓದಿದವರಿಗೆ ಹೇಳಬೇಕಿಲ್ಲ. ಲೈಸೆನ್ಸ್ ಕೀ ಇದ್ದರೆ ಚೇಂಜ್ ಪ್ರಾಡಕ್ಟ್ ಕೀ ಒತ್ತಿ ಹಾಕಿ. ಮೆಷಿನ್ ರೀಸ್ಟಾರ್ಟ್ ಆಗುತ್ತದೆ, ಅಷ್ಟರಲ್ಲಿ ಒಂದು ಬೈಟು ಕಾಫಿ ಮುಗಿಸಿ ಬರಬಹುದು. ವಾಪಸ್ ಹೋಮ್‌ಗೆ ಬರಬೇಕೆಂದರೆ ಮಾತ್ರ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.

ಹೊಸ ಲ್ಯಾಪ್‌ಟಾಪ್ ಪ್ರೋ ಸಮೇತ ಬಂದಿದ್ದರೆ, ಸೆಟಪ್ ಆಗುವಾಗ ವೈಯಕ್ತಿಕ ಬಳಕೆ ಎಂದು ಒತ್ತಬೇಡಿ. ಕೆಲಸ ಅಥವಾ ಶಾಲೆ ಎಂಬುದನ್ನು ಆರಿಸಿ, ಸೈನ್-ಇನ್ ಆಪ್ಶನ್ಸ್ ಒಳಗೆ ಡೊಮೇನ್ ಜಾಯಿನ್ ಇನ್‌ಸ್ಟೆಡ್ ಒತ್ತಿದರೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಲೋಕಲ್ ಯೂಸರ್ ಮಾಡಬಹುದು. ಹೀಗೆ ಮಾಡಿದಾಗ ರಿಕವರಿ ಕೀ ಎಲ್ಲಿಗೂ ಹೋಗಿರುವುದಿಲ್ಲ, ಬಿಟ್‌ಲಾಕರನ್ನು ನೀವೇ ಆನ್ ಮಾಡಿ ಪ್ರಿಂಟ್ ತೆಗೆಯಬೇಕು.

ಅಪ್‌ಗ್ರೇಡ್ ಮಾಡಿದವರಿಗೂ ಕೊನೆಯ ಕೆಲಸ ಇದೇ. ಮೊದಲಿನ ಎನ್‌ಕ್ರಿಪ್ಶನ್ ಹಾಗೇ ಉಳಿದಿರುತ್ತದೆ. ಮ್ಯಾನೇಜ್ ಬಿಟ್‌ಲಾಕರ್‌ಗೆ ಹೋಗಿ ಕೀಯನ್ನು ಇನ್ನೊಮ್ಮೆ ಪ್ರಿಂಟ್ ಮಾಡಿ. ಕೀ ಐಡಿಯ ಮೊದಲ ಎಂಟು ಅಕ್ಷರ ಫೈಲಿನಲ್ಲಿರುವ ಹಳೇ ಕಾಗದದ ಜೊತೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ಹೊಸ ಕಾಗದವನ್ನು ಫೈಲಿಗೆ ಸೇರಿಸಿ, ಹಳೆಯದರ ಮೇಲೆ ಗೀಟು ಹಾಕಿ ತಾರೀಕು ಬರೆಯಿರಿ.